ಮಾಂಸಖಂಡವೆಂಬ ಕಣಜ
ಕಳೆದ ಬೇಸಿಗೆಯಲ್ಲಿ, ಮಧ್ಯಾಹ್ನದವರೆಗೂ ಬುಟ್ಟಿಯಲ್ಲೇ ಉಳಿದಿದ್ದ ಬಂಗುಡೆ ಅಗ್ಗಕ್ಕೆ ಸಿಕ್ಕಿತೆಂದು ತಂದು ಪುಳಿಮುಂಚಿ ಮಾಡಿ ಉಂಡ ಅರ್ಧ ಗಂಟೆಯಲ್ಲೇ ನನ್ನ ಮುಖ, ಕುತ್ತಿಗೆಗಳು ಕೆಂಪೇರಿ ತಲೆ ಸಿಡಿಯತೊಡಗಿತು. ಮನೆಯವರು ಇದು ಅಲರ್ಜಿಯೆಂದು ತೀರ್ಮಾನಿಸಿದರು. ಮರುವಾರ ತಾಜಾ ಬಂಗುಡೆ ತಿಂದಾಗ ಏನೂ ಆಗಲಿಲ್ಲ.

ಬಂಗುಡೆ, ಸೂರೆ (ಟ್ಯೂನಾ)ಯಂಥ ಮೀನುಗಳ ಮಾಂಸಖಂಡದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿಯೇ ಧಾರಾಳವಾಗಿರುತ್ತದೆ. ಮೀನು ಬಿಸಿಲಿಗೆ ಬಿದ್ದರೆ ಬ್ಯಾಕ್ಟೀರಿಯಾಗಳು ತಮ್ಮ ಕಿಣ್ವದಿಂದ ಈ ಹಿಸ್ಟಿಡಿನ್‌ನ ಇಂಗಾಲದ ಡೈಆಕ್ಸೈಡನ್ನು ಕಳಚಿ, ಅಲರ್ಜಿಯಲ್ಲಿ ಮೈ ಕೆಂಪೇರಿಸುವ ಹಿಸ್ಟಮಿನ್ ಮಾಡಿಬಿಡುತ್ತವೆ. ಎಷ್ಟು ಕುದಿಸಿದರೂ ಅದು ನಾಶವಾಗುವುದಿಲ್ಲ. ನನ್ನ ಹುಣಸೆಹುಳಿಯೂ ಮೆಣಸೂ ಅದರ ಮುಂದೆ ಸೋತವು.

ನಮ್ಮ ಮಾಂಸಖಂಡದಲ್ಲೂ ಇದೇ ಸರಕಿದೆ, ಆದರೆ ಬಿಡಿಯಾಗಿರುವುದು ಕಡಿಮೆ. ಒಂದಷ್ಟು ಪ್ರೋಟೀನಿನೊಳಗಿದ್ದರೆ, ಇನ್ನೊಂದಷ್ಟು ಬೀಟಾ-ಅಲನಿನ್ ಎಂಬ ಇನ್ನೊಂದು ಅಮೈನೋ ಆಮ್ಲದ ಜೊತೆಗೂಡಿ ಕಾರ್ನೋಸಿನ್ ಆಗಿರುತ್ತದೆ. 1900ರಲ್ಲಿ ರಷ್ಯದ ರಸಾಯನಶಾಸ್ತ್ರಜ್ಞ ಗುಲೆವಿಚ್ ಮಾಂಸದ ಸಾರದಿಂದ ಬೇರ್ಪಡಿಸಿದ ಈ ಪುಟ್ಟ ಅಣು, ಸ್ನಾಯು ದುಡಿಯುವಾಗ ಏರುವ ಆಮ್ಲತೆಯನ್ನು ತಗ್ಗಿಸುವುದರ ಜೊತೆಗೆ ಹಿಸ್ಟಿಡಿನ್‌ನ ಕಣಜವೂ ಹೌದು. ಕಾರ್ನೋಸಿನೇಸ್ ಕಿಣ್ವ ಅದನ್ನು ಒಡೆದರೆ ಹಿಸ್ಟಿಡಿನ್ ಹೊರಬರುತ್ತದೆ. ಈ ಕಣಜ ಎಷ್ಟು ಚೆನ್ನಾಗಿ ಕೊರತೆಯನ್ನು ಮುಚ್ಚಿಹಾಕುತ್ತದೆಂದರೆ, ವಯಸ್ಕರಿಗೆ ಆಹಾರದಲ್ಲಿ ಹಿಸ್ಟಿಡಿನ್ ಬೇಕಿಲ್ಲವೆಂದೇ ಬಹುಕಾಲ ನಂಬಲಾಗಿತ್ತು. ಹಿಸ್ಟಿಡಿನ್ ಇಲ್ಲದ ಆಹಾರ ಕೊಟ್ಟು ನೋಡಿದ ಕೆಲವೇ ದಿನಗಳ ಪ್ರಯೋಗದಲ್ಲಿ ಸ್ನಾಯುವಿನ ಕಾರ್ನೋಸಿನ್ನೂ ರಕ್ತದ ಹಿಮೋಗ್ಲೋಬಿನ್ನೂ ಸದ್ದಿಲ್ಲದೆ ಸಾಲ ಕೊಡುತ್ತಿದ್ದವು. ದೀರ್ಘಕಾಲ ನಡೆಸಿದ ಪ್ರಯೋಗದಿಂದ 1975ರಲ್ಲಿ ಸಂಶೋಧಕರಾದ ಕಾಪಲ್ ಮತ್ತು ಸ್ವೆಂಡ್‌ಸೀಡ್ ಈ ನಂಬಿಕೆಯನ್ನು ಅಲುಗಾಡಿಸಿದರು.

ಹಾಗೆಂದು ಹಿಸ್ಟಿಡಿನ್ ಸಿಕ್ಕಿದ್ದೇ ತಡ ಹಿಸ್ಟಮಿನ್ ಆಗಿಬಿಡುವುದಿಲ್ಲ. ಅದಕ್ಕೆ ಹಿಸ್ಟಿಡಿನ್ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವವೂ ಅದರ ನೆರವಿಗೆ ಬಿ6 ಜೀವಸತ್ವವೂ ಬೇಕು. ರೋಗನಿರೋಧಕ ವ್ಯವಸ್ಥೆಯ ಮಾಸ್ಟ್ ಕೋಶಗಳಂಥ ಕೆಲವೇ ಕೋಶಗಳು ಇದರಲ್ಲಿ ನಿಪುಣವಾಗಿವೆ. ವ್ಯಾಯಾಮ ಮಾಡಿದ ಸ್ನಾಯುವಿನಲ್ಲಿಯೂ ಹಿಸ್ಟಮಿನ್ ಹುಟ್ಟಿ ರಕ್ತನಾಳಗಳನ್ನು ಹಿಗ್ಗಿಸುತ್ತದೆ; ಓಟ ನಿಲ್ಲಿಸಿದ ಮೇಲೂ ಬಹಳ ಹೊತ್ತು ತೊಡೆಗೆ ಹೆಚ್ಚು ರಕ್ತ ಹರಿಯುವುದರಲ್ಲಿ ಅದರ ಪಾಲು ದೊಡ್ಡದು. ಕಿಣ್ವದ ಕೀಲಿ ನಮ್ಮಲ್ಲಿ ಕೋಶದ ಕೈಯಲ್ಲಿದೆ, ಸತ್ತ ಬಂಗುಡೆಯಲ್ಲಿ ಬ್ಯಾಕ್ಟೀರಿಯಾದ ಕೈಯಲ್ಲಿ.

ಈಗ ನಾನು ಮಂಜುಗಡ್ಡೆಯ ಮೇಲಿರುವ ಮೀನನ್ನೇ ಕೊಳ್ಳುತ್ತೇನೆ. ವಾಸನೆ ನೋಡಿ ಆರಿಸುವ ಹಳೆಯ ಜಾಣತನ ಇಲ್ಲಿ ಪೂರ್ತಿ ನಡೆಯುವುದಿಲ್ಲ. ಅಂದಿನ ಬಂಗುಡೆ ಚೂರೂ ನಾರುತ್ತಿರಲಿಲ್ಲ.