ಯಾರೂ ಕೇಳದ ಒಂದು ಸಾಲು

ರೇಸ್ ಕುದುರೆಗಳನ್ನು ಹುಟ್ಟಿಸಿ ಬೆಳೆಸುವ ಸ್ಟಡ್ ಫಾರ್ಮಿನಲ್ಲಿ ಪಶುವೈದ್ಯನಾಗಿರುವುದೆಂದರೆ ಮುಕ್ಕಾಲು ಪಾಲು ಕಾಲು ನೋಡುವ ಕೆಲಸ. ಮಾರಾಟಕ್ಕೆ ಹೊರಟ ಒಂದು ವರ್ಷದ ಮರಿಯನ್ನು ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವ, ಸಿಮೆಂಟು ನೆಲದ ಮೇಲೆ ತಂದು ನಿಲ್ಲಿಸುತ್ತಾನೆ. ನಾನು ಹಿಂದೆ ಹೋಗಿ, ಒದೆತಕ್ಕೆ ಸಿಗದಷ್ಟು ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತೇನೆ. ಗಾರೆ ಕೆಲಸದವರು ತೂಗುಗುಂಡು ಇಳಿಬಿಡುವಂತೆ ಅದರ ಪೃಷ್ಠದ ಎಲುಬಿನ ತುದಿಯಿಂದ ಮನಸ್ಸಿನಲ್ಲೇ ಒಂದು ದಾರ ಇಳಿಬಿಡುತ್ತೇನೆ. ದಾರ ಹಿಂಗಾಲಿನ ನಡುಗೀಲನ್ನು ಹಾದು ಗೊರಸಿನ ಮಧ್ಯಕ್ಕೆ ಬಂದರೆ ಕಾಲು ನೆಟ್ಟಗಿದೆ ಎಂದರ್ಥ. ಕೆಲವು ಮರಿಗಳಲ್ಲಿ ಎರಡು ಕೀಲುಗಳೂ ಗುಟ್ಟು ಹೇಳಿಕೊಳ್ಳುವಂತೆ ಒಳಕ್ಕೆ ಬಾಗಿ, ಗೊರಸುಗಳು ಹೊರಕ್ಕೆ ತಿರುಗಿರುತ್ತವೆ. ಈ ದೋಷಕ್ಕೆ ಇಂಗ್ಲಿಷಿನವರು ಹಸುವಿನ ಹೆಸರನ್ನೇ ಇಟ್ಟಿದ್ದಾರೆ. ಹಸು ಡರ್ಬಿ ಓಡಬೇಕಾಗಿಲ್ಲವಾದ್ದರಿಂದ ಅದಕ್ಕೇನೂ ಬೇಸರವಿಲ್ಲ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಅಂಥ ಒಂದು ಮರಿ ನನ್ನ ಮುಂದೆ ಬಂತು. ಕಂದು ಬಣ್ಣ, ಅಗಲವಾದ ಎದೆ, ಸಿಡುಕು ಮೋರೆ. ದೋಷವನ್ನು ವರದಿಯಲ್ಲಿ ದಾಖಲಿಸಿದೆ. ಅಲ್ಲಿಗೇ ಪೆನ್ನು ಮುಚ್ಚಬೇಕಿತ್ತು. ಕೆಳಗೆ ಯಾರೂ ಕೇಳದ ಇನ್ನೊಂದು ಸಾಲನ್ನು ಸೇರಿಸಿದೆ: ‘ರೇಸಿಗೆ ಬಾರದು.’

ಲಾಯದಲ್ಲಿ ಎಲ್ಲರೂ ಚಾಚಾ ಎಂದು ಕರೆಯುವ ಹಿರಿಯ ಸೈಸ್ ಒಬ್ಬರಿದ್ದರು. ನಾನು ಬರೆದದ್ದನ್ನು ಓದಿಸಿಕೊಂಡು ಕೇಳಿದರು: “ಡಾಕ್ಟರೇ, ಕಾಲು ಸೊಟ್ಟ ಎನ್ನುವುದನ್ನು ಕಣ್ಣಾರೆ ಕಂಡಿರಿ. ರೇಸಿಗೆ ಬಾರದು ಎನ್ನುವುದನ್ನು ಎಲ್ಲಿ ಕಂಡಿರಿ?” ನನಗೆ ಒಳಗೊಳಗೇ ನಗು. ಚಾಚಾ ಕುದುರೆಯ ಹಣೆಯ ಸುಳಿ ನೋಡಿ ಭವಿಷ್ಯ ಹೇಳುವವರು. ನನ್ನ ಬಳಿ ಪದವಿ ಇತ್ತು.

ಮರಿ ಅಗ್ಗಕ್ಕೆ ಹೋಯಿತು. ಮುಂದೆ ಕೆಳದರ್ಜೆಯ ರೇಸುಗಳಲ್ಲಿ ನಾಲ್ಕನ್ನು ಗೆದ್ದಿತು. ಚಾಂಪಿಯನ್ ಏನಲ್ಲ, ಆದರೆ ತಿಂದ ಹುಲ್ಲಿನ ಋಣ ತೀರಿಸಿತು. ಅದೇ ವರ್ಷ ನಾನು ‘ನಿರ್ದೋಷ’ ಎಂದು ಬರೆದಿದ್ದ ಇನ್ನೊಂದು ಮರಿ ತರಬೇತಿಯಲ್ಲೇ ಕುಂಟಿ ವಾಪಸಾಯಿತು. ಮಾಲೀಕರು ಎರಡೂ ವರದಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಏನೂ ಹೇಳದೆ ನನಗೆ ಚಹಾ ತರಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಯವರೆಗೆ ಸಂಡೇ ಸೈಲೆನ್ಸ್ ಎಂಬ ರೇಸ್ ಕುದುರೆಯ ಕಥೆ ನನಗೆ ಬರೀ ಕಥೆಯಾಗಿತ್ತು. 1986ರ ಮಾರ್ಚ್ 25ರಂದು ಅಮೆರಿಕದ ಕೆಂಟಕಿಯಲ್ಲಿ ಹುಟ್ಟಿದ, ಹೆಚ್ಚುಕಡಿಮೆ ಕಪ್ಪು ಬಣ್ಣದ ಮರಿ ಅದು. ತಂದೆ ಹ್ಯಾಲೋ, ಕಚ್ಚುವ ಕುಖ್ಯಾತಿಯ ಕುದುರೆ. ಮಗನಿಗೂ ಅದೇ ಸಿಡುಕು. ಹಿಂಗಾಲಿನ ಕೀಲುಗಳು ಒಳಬಾಗಿದ್ದವು. ಒಂದು ವರ್ಷದ್ದಿದ್ದಾಗ ಹರಾಜಿನಲ್ಲಿ ತಕ್ಕ ಬೆಲೆ ಬರಲಿಲ್ಲ. ಅದನ್ನು ಸಾಕಿದ ಆರ್ಥರ್ ಹ್ಯಾನ್‌ಕಾಕ್ ಅವರೇ 17,000 ಡಾಲರಿಗೆ ಉಳಿಸಿಕೊಂಡರು. ಎರಡು ವರ್ಷದ್ದಾದಾಗ ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ಹರಾಜಿಗಿಟ್ಟರು. 32,000 ಡಾಲರಿಗೇ ಕೂಗು ನಿಂತಿತು, ಮಾರಾಟವಾಗಲಿಲ್ಲ. ವಾಪಸು ಬರುವಾಗ ಚಾಲಕನಿಗೆ ಹೃದಯಾಘಾತವಾಗಿ ವಾಹನವೇ ಉರುಳಿತು, ಮರಿ ಬದುಕಿತು.

1989ರಲ್ಲಿ ಇದೇ ಕುದುರೆ ಅಮೆರಿಕದ ಹೆಸರಾಂತ ಓಟವಾದ ಕೆಂಟಕಿ ಡರ್ಬಿ ಗೆದ್ದಿತು. ಪ್ರೀಕ್‌ನೆಸ್ ಓಟದಲ್ಲಿ ಈಸಿ ಗೋಯರ್ ಎಂಬ ಎದುರಾಳಿಯನ್ನು ಮೂಗಿನ ಅಂತರದಲ್ಲಿ ಸೋಲಿಸಿತು. ಬೆಲ್ಮಾಂಟ್ ಓಟದಲ್ಲಿ ಅದೇ ಎದುರಾಳಿಯ ಮುಂದೆ ಎಂಟು ಕುದುರೆಯುದ್ದ ಹಿಂದೆ ಬಿದ್ದು, ವರ್ಷದ ಕೊನೆಗೆ ಬ್ರೀಡರ್ಸ್ ಕಪ್ ಕ್ಲಾಸಿಕ್‌ನಲ್ಲಿ ಕತ್ತಿನಷ್ಟು ಅಂತರದಿಂದ ಸೇಡು ತೀರಿಸಿಕೊಂಡಿತು. ಒಟ್ಟು 14 ಓಟ, 9 ಗೆಲುವು, 5 ಎರಡನೆಯ ಸ್ಥಾನ. ಮೂರನೆಯದಾಗಿ ಬಂದದ್ದೇ ಇಲ್ಲ.

ಇಲ್ಲಿಗೆ ನಿಲ್ಲಿಸಿ ‘ತಜ್ಞರೆಲ್ಲ ಮೂರ್ಖರು’ ಎಂದು ಚಪ್ಪಾಳೆ ತಟ್ಟುವವರು ಬಹಳ. ನನಗೆ ಅದು ಒಪ್ಪಿಗೆಯಿಲ್ಲ. ಹರಾಜಿನಲ್ಲಿ ಕೈ ಎತ್ತದವರು ಕಂಡದ್ದು ಸುಳ್ಳಲ್ಲ. ಕಾಲು ನಿಜಕ್ಕೂ ಹಾಗೆಯೇ ಇತ್ತು. ಗೆದ್ದ ಮೇಲೂ ಅದು ನೆಟ್ಟಗಾಗಲಿಲ್ಲ. ವಂಶವೂ ಮೈಕಟ್ಟೂ ಮೆಚ್ಚುಗೆ ಪಡೆದಿದ್ದ ಈಸಿ ಗೋಯರ್ ಕೂಡ ಅಪ್ಪಟ ಓಟಗಾರನೇ.

ನನ್ನನ್ನು ಹೆಚ್ಚು ಕಾಡಿದ್ದು ಓಟ ಮುಗಿದ ಮೇಲಿನ ಭಾಗ. 1990ರಲ್ಲಿ ಗಾಯಗೊಂಡು ನಿವೃತ್ತವಾದಾಗ ಅಮೆರಿಕದ ತಳಿಗಾರರು ಮತ್ತೆ ಮುಖ ತಿರುಗಿಸಿದರು. ತಾಯಿಯ ಕಡೆಯ ವಂಶ ಸಾಧಾರಣ, ಕಾಲು ಸೊಟ್ಟ, ಮರಿಗಳೂ ಹಾಗೆಯೇ ಆಗುತ್ತವೆ ಎಂದರು. ತಳಿಗಂಡಾಗಿ ಅದರಲ್ಲಿ ಪಾಲು ಕೊಳ್ಳಲು ಬಂದವರು ಬೆರಳೆಣಿಕೆಯಷ್ಟು. ಜಪಾನಿನ ತಳಿಗಾರ ಝೆನ್ಯಾ ಯೋಶಿದಾ ಸುಮಾರು 1 ಕೋಟಿ 10 ಲಕ್ಷ ಡಾಲರ್ ಕೊಟ್ಟು ಅದನ್ನು ಹೊಕ್ಕೈಡೋ ದ್ವೀಪಕ್ಕೆ ಕರೆದೊಯ್ದರು. ಈ ರೇಸ್ ಕುದುರೆಗಳ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲ. ಗಂಡು ಎಲ್ಲಿದೆಯೋ ಹೆಣ್ಣು ಅಲ್ಲಿಗೇ ಹೋಗಬೇಕು. ಹಡಗಿನಲ್ಲೋ ವಿಮಾನದಲ್ಲೋ ಕಳಿಸಿದಿರಿ ಎಂದರೆ ಆ ರಕ್ತ ನಿಮ್ಮ ಊರಿನಿಂದ ಹೋಯಿತೆಂದೇ ಲೆಕ್ಕ.

ಯೋಶಿದಾ ಅವರ ಬಳಿ ನಾರ್ದರ್ನ್ ಟೇಸ್ಟ್ ಎಂಬ ಕುದುರೆಯ ಹೆಣ್ಣುಮಕ್ಕಳಿದ್ದವು. ನಾರ್ದರ್ನ್ ಟೇಸ್ಟ್‌ನ ತಂದೆ ಹೆಸರಾಂತ ತಳಿಗಂಡು ನಾರ್ದರ್ನ್ ಡ್ಯಾನ್ಸರ್. ಸಂಡೇ ಸೈಲೆನ್ಸ್‌ನ ವಂಶದಲ್ಲಿ ಆ ಹೆಸರಿಲ್ಲ. ತೀರಾ ಹತ್ತಿರದ ರಕ್ತಸಂಬಂಧವಲ್ಲ ಎನ್ನಿ. ಮೊದಲ ಮರಿಗಳು 1994ರಲ್ಲಿ ಓಡಲಿಳಿದವು. ಅದನ್ನು ನೋಡಲು ಯೋಶಿದಾ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. 1995ರಿಂದ 2007ರವರೆಗೆ, ಸತತ 13 ವರ್ಷ, ಮರಿಗಳ ಗಳಿಕೆಯ ಲೆಕ್ಕದಲ್ಲಿ ಜಪಾನಿನ ಅಗ್ರ ತಳಿಕುದುರೆ ಸಂಡೇ ಸೈಲೆನ್ಸ್. ಅದು ಸತ್ತದ್ದು 2002ರ ಆಗಸ್ಟಿನಲ್ಲಿ. ಒಂದು ಮುಂಗಾಲಿಗೆ ಸೋಂಕು ತಗುಲಿ, ಭಾರವೆಲ್ಲ ಇನ್ನೊಂದರ ಮೇಲೆ ಬಿದ್ದು, ಆ ಗೊರಸಿನ ಒಳಪದರವೂ ಉರಿಯೂತಕ್ಕೆ ಸಿಕ್ಕಿತು. ನನ್ನ ವೃತ್ತಿಯವರು ಈ ಸಾಲನ್ನು ಓದಿ ಸುಮ್ಮನೆ ಮುಂದೆ ಹೋಗಲಾರರು. ಅದೇ ವರ್ಷ ಮಾರ್ಚ್ 25ರಂದು, ತಂದೆಯ ಹುಟ್ಟುಹಬ್ಬದ ದಿನವೇ, ಡೀಪ್ ಇಂಪ್ಯಾಕ್ಟ್ ಹುಟ್ಟಿತ್ತು. 2005ರಲ್ಲಿ, ಅಲ್ಲಿಯವರೆಗೆ ಒಂದೂ ಸೋಲಿಲ್ಲದೆ, ಜಪಾನಿನ ಮೂರು ದೊಡ್ಡ ಕ್ಲಾಸಿಕ್ ಓಟಗಳನ್ನು ಗೆದ್ದ ಕುದುರೆ. ಮೈಕಟ್ಟು ನೋಡಿದರೆ ಚಿಕ್ಕದು. ನಾನಾಗಿದ್ದರೆ ಅದನ್ನೂ ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸುತ್ತಿದ್ದೆನೋ ಏನೋ.

ಇಷ್ಟನ್ನು ಓದಿದ ಮೇಲೆ ಚಾಚಾನ ಪ್ರಶ್ನೆ ಮತ್ತೆ ಕಿವಿಗೆ ಬಿತ್ತು. ಅವರು ಹಣೆಯಲ್ಲಿ ಸುಳಿ ನೋಡುತ್ತಿದ್ದರು, ನಾನು ಹಿಂಗಾಲಿನಲ್ಲಿ. ವ್ಯತ್ಯಾಸ ಅಷ್ಟೇ.

ಈಗ ನನ್ನ ವರದಿ ಉದ್ದವಾಗಿದೆ. ಕೀಲು ಎಷ್ಟು ಬಾಗಿದೆ, ನಡೆಯುವಾಗ ಗೊರಸು ಎತ್ತ ಬೀಸುತ್ತದೆ, ಯಾವ ಕೀಲಿನ ಎಕ್ಸ್‌ರೇ ತೆಗೆಸಬೇಕು, ಎಷ್ಟು ವಾರಕ್ಕೊಮ್ಮೆ ಲಾಳ ಬದಲಿಸಿ ನೋಡಬೇಕು, ಎಲ್ಲ ಇರುತ್ತದೆ. ನಮೂನೆಯ ಕೊನೆಯಲ್ಲಿ ‘ಓಟದ ಸಾಮರ್ಥ್ಯ’ ಎಂಬ ಖಾನೆ ಇದೆ. ಅದರಲ್ಲಿ ಅಡ್ಡಗೆರೆ ಎಳೆಯುತ್ತೇನೆ. ಕೊಳ್ಳುವವರಿಗೆ ಇದರಿಂದ ಸಮಾಧಾನವಿಲ್ಲ. “ತೆಗೆದುಕೊಳ್ಳಲೋ ಬೇಡವೋ, ಅಷ್ಟು ಹೇಳಿಬಿಡಿ ಡಾಕ್ಟರೇ” ಎಂದು ಫೋನ್ ಮಾಡುತ್ತಾರೆ.

ಕಳೆದ ವಾರ ಒಬ್ಬರು ನೇರವಾಗಿ ಬಂದೇ ಬಿಟ್ಟರು. ಅವರನ್ನು ಮರಿಯ ಹಿಂದೆ ಕರೆದೊಯ್ದು, ನನ್ನ ಪಕ್ಕದಲ್ಲಿ ಕೂರಿಸಿ, ಆ ದಾರ ಇಳಿಬಿಡುವುದನ್ನು ಹೇಳಿಕೊಟ್ಟೆ. ಒಂದು ನಿಮಿಷ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: “ಇದು ಒದೆಯುತ್ತದೆಯೇ?”

“ಒದೆಯುತ್ತದೆ” ಎಂದೆ. ಬೆಳಿಗ್ಗೆ ನನಗೇ ಬಿದ್ದಿತ್ತು.