ಗುಂಡಿ ತಿರುಗಿಸಲು ಜಾಗವೇ ಇರಲಿಲ್ಲ

ಟ್ಯೂಬ್ ಆಂಪ್ಲಿಫೈಯರ್, ಅಂದರೆ ಟ್ರಾನ್ಸಿಸ್ಟರಿನ ಬದಲು ಗಾಜಿನ ಟ್ಯೂಬುಗಳಿಂದ ಹಾಡಿನ ಸಂಕೇತವನ್ನು ಹಿಗ್ಗಿಸುವ ಯಂತ್ರ. ಅದರ ರಿಪೇರಿ ನನ್ನ ಹೊಟ್ಟೆಪಾಡು. ರಿಪೇರಿಯಲ್ಲಿ ತಪ್ಪಿದರೆ ಫ್ಯೂಸ್ ಹೋಗುತ್ತದೆ, ಇಲ್ಲವೇ ಹೊಗೆ ಬರುತ್ತದೆ. ತಪ್ಪು ಆ ಕ್ಷಣವೇ ಗೊತ್ತಾಗುತ್ತದೆ. ಯಾವುದಕ್ಕೆ ಯಾವುದನ್ನು ಜೋಡಿಸಬೇಕು ಎಂಬ ಸಲಹೆಯಲ್ಲಿ ತಪ್ಪಿದರೆ ಹಾಗಲ್ಲ. ಪ್ರತಿ ಪೆಟ್ಟಿಗೆಯೂ ತನ್ನಷ್ಟಕ್ಕೆ ನೆಟ್ಟಗಿರುತ್ತದೆ, ಹಾಡು ಮಾತ್ರ ಹದ ತಪ್ಪಿರುತ್ತದೆ. ಒಬ್ಬರೇ ಗಿರಾಕಿಯ ಮನೆಯಲ್ಲಿ ನಾನು ಅಂಥ ತಪ್ಪನ್ನು ಎರಡು ಸಲ ಮಾಡಿದ್ದೇನೆ.

ಅವರು ನಿವೃತ್ತ ಮೇಷ್ಟ್ರು. ಅವರ ಬಳಿ ಇದ್ದದ್ದು ಇಎಲ್34 ಟ್ಯೂಬುಗಳ ಪುಶ್-ಪುಲ್ (ಟ್ಯೂಬುಗಳು ಜೋಡಿಯಾಗಿ ಕೆಲಸ ಹಂಚಿಕೊಳ್ಳುವ) ಆಂಪ್ಲಿಫೈಯರ್, ಎಡ ಬಲ ಚಾನೆಲ್ಲುಗಳಿಗೆ ತಲಾ 35 ವಾಟ್. ಒಂದು ಕಡೆಯ ಸ್ಪೀಕರ್ ತಂತಿ ಕಳಚಿಕೊಂಡಿದ್ದು ಗಮನಕ್ಕೆ ಬಾರದೆ ಜೋರಾಗಿ ಹಾಡಿಸಿದ್ದರು. ಸ್ಪೀಕರ್ ಇಲ್ಲದೆ ಓಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ (ಟ್ಯೂಬುಗಳ ಕಡೆಯ ಸುರುಳಿಯಲ್ಲಿ) ವೋಲ್ಟೇಜ್ ಮಿತಿಮೀರಿ ಏರುತ್ತದೆ. ಒಳಗಿನ ವೈಂಡಿಂಗ್ ಸುಟ್ಟಿತ್ತು. 'ಸತ್ತುಹೋಗಿದೆ' ಎಂದು ನನ್ನ ಮೇಜಿಗೆ ಬರುವ ಸೆಟ್ಟುಗಳಲ್ಲಿ ಹೆಚ್ಚಿನವು ಸತ್ತಿರುವುದಿಲ್ಲ. ಒಣಗಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನೋ ಸೋರುವ ಕಪ್ಲಿಂಗ್ ಕೆಪಾಸಿಟರನ್ನೋ ಬದಲಿಸಿದರೆ ಎದ್ದು ಕೂರುತ್ತವೆ. ಆದ್ದರಿಂದ ಹೊಸದು ಕೊಳ್ಳಿ ಎಂದು ನಾನು ಸುಲಭಕ್ಕೆ ಹೇಳುವವನಲ್ಲ. ಇದಕ್ಕೆ ಮಾತ್ರ ತಕ್ಕ ಟ್ರಾನ್ಸ್‌ಫಾರ್ಮರ್ ಸಿಗಲಿಲ್ಲ. ಅದರ ಮುಂಚೆ ಕೂತು ಸಿಡಿ ಪ್ಲೇಯರಿನಂಥವುಗಳ ಸಂಕೇತವನ್ನು ಹದ ಮಾಡಿ ಕೊಡುವ ಪ್ರಿಆಂಪಿನ ಸ್ವಿಚ್ಚುಗಳೂ ಸವೆದಿದ್ದವು. "ಎರಡನ್ನೂ ಬದಲಿಸಿಬಿಡೋಣ, ನೀವು ಹೇಳಿದ್ದೇ ಆಗಲಿ" ಎಂದರು ಮೇಷ್ಟ್ರು.

ನಾನು ಆಗ 300ಬಿ ಟ್ಯೂಬಿನ ಮೋಹದಲ್ಲಿದ್ದೆ. 1930ರ ದಶಕದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ತಯಾರಿಸಿದ ಟ್ರಯೋಡ್, ಅಂದರೆ ಮೂರು ಎಲೆಕ್ಟ್ರೋಡುಗಳ ಟ್ಯೂಬ್ ಅದು. ಈ ಬಳಗದ ಟ್ಯೂಬುಗಳು ಸಿನಿಮಾ ಮಂದಿರಗಳನ್ನೇ ತುಂಬಿಸಿದ್ದವು, ಒಂದು ಕೋಣೆ ಯಾವ ಲೆಕ್ಕ ಎಂದುಕೊಂಡೆ. ಆ ಮಂದಿರಗಳ ಪರದೆಯ ಹಿಂದೆ ಆಳೆತ್ತರದ ಹಾರ್ನ್ ಸ್ಪೀಕರುಗಳಿದ್ದವು ಎಂಬುದನ್ನು ಮರೆತೆ. ಚಾನೆಲ್ಲಿಗೆ ಒಂದೇ ಟ್ಯೂಬಿನ, 8 ವಾಟಿನ ಆಂಪ್ಲಿಫೈಯರನ್ನು ಅವರ ಮನೆಗೆ ಕೊಟ್ಟು ಬಂದೆ.

ಮೊದಲ ಸಂಜೆ ಒಂಟಿ ಪಿಟೀಲು ಕೇಳಿಸಿದಾಗ ಇಬ್ಬರೂ ಮಾತಾಡಲಿಲ್ಲ, ಅಷ್ಟು ಚೆನ್ನಾಗಿತ್ತು. ವಾರದ ನಂತರ ಫೋನ್ ಬಂತು. "ಡ್ರಮ್ಮಿಗೆ ಪೆಟ್ಟು ಬಿದ್ದಾಗಲೆಲ್ಲ ಪಿಟೀಲಿನವರು ಒಟ್ಟಿಗೆ ತಲೆ ತಗ್ಗಿಸಿದ ಹಾಗೆ ಕೇಳುತ್ತದೆ." ಆಂಪ್ಲಿಫೈಯರಿನ ಶಕ್ತಿ ಮುಗಿದು ಅಲೆಯ ತುದಿ ಕತ್ತರಿಸಿಹೋಗುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ಎಂಜಿನಿಯರೂ ನನಗೆ ವರ್ಣಿಸಿಲ್ಲ.

ಹೋಗಿ ಸ್ಪೀಕರಿನ ಹಿಂಬದಿ ನೋಡಿದೆ. ಅದನ್ನು ಮೊದಲೇ ನೋಡಬೇಕಿತ್ತು. ಸೆನ್ಸಿಟಿವಿಟಿ 86 ಡೆಸಿಬೆಲ್, ಅಂದರೆ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಅಷ್ಟು ಶಬ್ದ. ವಾಟ್ ಪ್ರತಿ ಸಲ ದುಪ್ಪಟ್ಟಾದಾಗ ಸೇರುವುದು 3 ಡೆಸಿಬೆಲ್ ಮಾತ್ರ. 8 ವಾಟಿಗೆ 95 ಆಯಿತು, ಅಲ್ಲಿಗೆ ಗಾಡಿ ನಿಂತಿತು. ಕುರ್ಚಿ ಇರುವ ದೂರಕ್ಕೆ ಅದರಲ್ಲೂ ಕಡಿತ. ದೊಡ್ಡ ವಾದ್ಯವೃಂದದಲ್ಲಿ ಕ್ಷಣಕಾಲದ ಏರುಗಳು ಸರಾಸರಿಗಿಂತ 15, ಕೆಲವೊಮ್ಮೆ 20 ಡೆಸಿಬೆಲ್ ಮೇಲೆ ಹೋಗುತ್ತವೆ. ಅದೇ 8 ವಾಟನ್ನು 96 ಡೆಸಿಬೆಲ್ಲಿನ ಸ್ಪೀಕರಿಗೆ ಕೊಟ್ಟಿದ್ದರೆ ಅವರ ಸ್ಪೀಕರಿಗೆ 80 ವಾಟ್ ಕೊಟ್ಟಷ್ಟೇ ಶಬ್ದ ಬರುತ್ತಿತ್ತು. ಇನ್ನೊಂದು ತೊಡಕೂ ಇತ್ತು. ಸ್ಪೀಕರ್ ಕರೆಂಟಿಗೆ ಒಡ್ಡುವ ಅಡ್ಡಿಯನ್ನು, ಅಂದರೆ ಇಂಪಿಡೆನ್ಸನ್ನು, ಓಮಿನಲ್ಲಿ ಅಳೆಯುತ್ತಾರೆ. 8 ಓಮ್ ಎಂದು ಬರೆದಿದ್ದ ಆ ಸ್ಪೀಕರ್ ಕೆಲವು ಸ್ವರಗಳಲ್ಲಿ 4ಕ್ಕೆ ಇಳಿಯುತ್ತಿತ್ತು, ಕೆಲವಲ್ಲಿ 20 ದಾಟುತ್ತಿತ್ತು. ಫೀಡ್‌ಬ್ಯಾಕ್ (ಹೊರಬಂದ ಸಂಕೇತದ ಒಂದಂಶವನ್ನು ತಿರುಗಿ ಒಳಕ್ಕೆ ಕೊಟ್ಟು ತಪ್ಪು ತಿದ್ದುವ ಏರ್ಪಾಡು) ಇಲ್ಲದ ಟ್ರಯೋಡ್ ಆಂಪ್ಲಿಫೈಯರಿನ ಔಟ್‌ಪುಟ್ ಇಂಪಿಡೆನ್ಸ್ ಹೆಚ್ಚು. ಹಾಗಾಗಿ ಸ್ಪೀಕರಿನ ಇಂಪಿಡೆನ್ಸ್ ಏರಿದಲ್ಲಿ ಅದರ ಧ್ವನಿಯೂ ಏರುತ್ತದೆ, ಇಳಿದಲ್ಲಿ ಇಳಿಯುತ್ತದೆ. ಮೊದಲ ಸಂಜೆ ನಾವು 'ಬೆಚ್ಚಗಿನ ಧ್ವನಿ' ಎಂದು ತಲೆದೂಗಿದ್ದರಲ್ಲಿ ಒಂದು ಪಾಲು ಇದೇ ಇರಬೇಕು.

300ಬಿಯನ್ನು ವಾಪಸು ತಂದು, ಹಿಂದಿನಂಥದ್ದೇ ಇಎಲ್34 ಪುಶ್-ಪುಲ್ ಕೊಟ್ಟೆ. ಪಿಟೀಲಿನವರು ತಲೆ ಎತ್ತಿದರು.

ಇನ್ನು ಪ್ರಿಆಂಪ್. ಇಲ್ಲಿ ನನ್ನ ತಪ್ಪು ಮೋಹದ್ದಲ್ಲ, ಉದಾಸೀನದ್ದು. 12ಎಎಕ್ಸ್7 ಟ್ಯೂಬುಗಳ, ಗಟ್ಟಿಯಾಗಿ ಕಟ್ಟಿದ ಒಂದು ಪ್ರಿಆಂಪ್ ಕೈಗೆ ಸಿಕ್ಕಿತ್ತು. ಒಳ್ಳೆಯದು ಎಲ್ಲಿದ್ದರೂ ಒಳ್ಳೆಯದೇ ಎಂದು ಕೊಟ್ಟುಬಿಟ್ಟೆ. ಮತ್ತೆ ಫೋನ್. "ವಾಲ್ಯೂಮ್ ಗುಂಡಿ ಮುಟ್ಟಿದರೆ ಕಿರುಚುತ್ತದೆ, ಬಿಟ್ಟರೆ ಎಡಗಡೆ ಸ್ಪೀಕರ್ ಮೌನವ್ರತ ಹಿಡಿಯುತ್ತದೆ." ಜೊತೆಗೆ ಹಾಡಿಲ್ಲದಾಗಲೂ ಸುಯ್ ಎನ್ನುವ ಸದ್ದು.

ಲೆಕ್ಕ ಹಾಕಿದರೆ ನಗು ಬರುತ್ತದೆ. ಸಿಡಿ ಪ್ಲೇಯರ್ ಕೊಡುವುದು 2 ವೋಲ್ಟ್. ಪವರ್ ಆಂಪ್ಲಿಫೈಯರ್ ಪೂರ್ತಿ ಶಕ್ತಿಗೆ ಬೇಡುವುದು 1 ವೋಲ್ಟ್. ಇವೆರಡರ ನಡುವೆ ನಾನು ಕೂರಿಸಿದ್ದು 20 ಪಟ್ಟು ಹಿಗ್ಗಿಸುವ ಯಂತ್ರ. ವಾಲ್ಯೂಮ್ ಗುಂಡಿ ತನ್ನ ದಾರಿಯ ಮೊದಲ ಅಂಗುಲದಲ್ಲೇ ಎಲ್ಲವನ್ನೂ ಮುಗಿಸಬೇಕಿತ್ತು. ಆ ಮೂಲೆಯಲ್ಲಿ ಗುಂಡಿಯೊಳಗಿನ ಎಡ ಬಲ ಚಾನೆಲ್ಲುಗಳ ರೆಸಿಸ್ಟರ್ ಪಟ್ಟಿಗಳು ಒಂದಕ್ಕೊಂದು ಹೊಂದುವುದಿಲ್ಲ, ಅದಕ್ಕೇ ಒಂದು ಕಡೆ ಮೌನ. ಗುಂಡಿ ಇದ್ದದ್ದು ಟ್ಯೂಬುಗಳ ಮುಂಚೆ. ಅದನ್ನು ಎಷ್ಟು ಇಳಿಸಿದರೂ ಟ್ಯೂಬುಗಳ ಸ್ವಂತ ಸದ್ದು ಇಳಿಯುತ್ತಿರಲಿಲ್ಲ.

"12ಎಎಕ್ಸ್7 ತೆಗೆದು 12ಎಯು7 ಚುಚ್ಚಿದರೆ ಆಗದೇ? ಪಿನ್ನುಗಳು ಒಂದೇ ಅಂತೆ" ಎಂದು ಮೇಷ್ಟ್ರು ಕೇಳಿದರು. ಪಿನ್ನುಗಳು ಒಂದೇ. ಮೊದಲನೆಯದರ ವರ್ಧನಾಂಕ 100, ಎರಡನೆಯದರದು 20ರ ಆಸುಪಾಸು, ಆದ್ದರಿಂದ ಗದ್ದಲ ತಗ್ಗುವುದೂ ನಿಜ. ಆದರೆ ಸುತ್ತಲಿನ ರೆಸಿಸ್ಟರುಗಳನ್ನು 12ಎಎಕ್ಸ್7ನ ಸಣ್ಣ ಕರೆಂಟಿಗೆ ಲೆಕ್ಕ ಹಾಕಿ ಇಟ್ಟಿರುತ್ತಾರೆ. 12ಎಯು7ಗೆ ಅಲ್ಲಿ ಹದ ಸಿಗುವುದಿಲ್ಲ. ನಾನು ಒಪ್ಪಲಿಲ್ಲ. ಬದಲಿಗೆ ಪವರ್ ಆಂಪ್ಲಿಫೈಯರಿನ ಇನ್‌ಪುಟ್ ಬಳಿ ಚಾನೆಲ್ಲಿಗೆ ಎರಡೆರಡು ರೆಸಿಸ್ಟರ್ ಬೆಸೆದೆ: ಸರಣಿಯಲ್ಲಿ 47 ಕಿಲೋಓಮ್, ಗ್ರೌಂಡಿಗೆ 4.7 ಕಿಲೋಓಮ್. ಸಂಕೇತವೂ ಸದ್ದೂ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿದವು. ಗುಂಡಿ ನಡುಮಧ್ಯಕ್ಕೆ ಬಂತು.

ಇದು ಎಲ್ಲ ಪ್ರಿಆಂಪುಗಳಿಗೂ ನಡೆಯುವ ಉಪಾಯವಲ್ಲ. ಹೀಗೆ ಬೆಸೆದ ರೆಸಿಸ್ಟರುಗಳೂ ಪ್ರಿಆಂಪಿನ ಮೇಲೆ ಹೊರೆಯೇ, ಮುಂದಿನ ಯಂತ್ರದ ಇನ್‌ಪುಟ್ ಓಮ್ ಕಡಿಮೆಯಾದಷ್ಟೂ ಆ ಹೊರೆ ಹೆಚ್ಚು. ಹೊರದಾರಿಯಲ್ಲಿ 0.47 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರುವ ಪ್ರಿಆಂಪನ್ನು 100 ಕಿಲೋಓಮ್ ಇನ್‌ಪುಟ್ಟಿನ ಟ್ಯೂಬ್ ಆಂಪ್ಲಿಫೈಯರಿಗೆ ಜೋಡಿಸಿದರೆ ಮಂದ್ರ ಸ್ವರಗಳು 3.4 ಹರ್ಟ್ಸ್‌ವರೆಗೂ ಹಾಯುತ್ತವೆ. ಅದನ್ನೇ 10 ಕಿಲೋಓಮ್ ಇನ್‌ಪುಟ್ಟಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಜೋಡಿಸಿದರೆ 34 ಹರ್ಟ್ಸ್‌ನಲ್ಲೇ ಸೊರಗಲು ತೊಡಗುತ್ತವೆ. 'ಟ್ಯೂಬಿನಲ್ಲಿ ಬಾಸ್ ಇಲ್ಲ' ಎಂಬ ದೂರಿನ ಹಿಂದೆ ಹಲವು ಸಲ ನನಗೆ ಕಂಡದ್ದು ಇಷ್ಟೇ.

ಈಗ ಯಾರೇ ಬಂದು ಯಾವ ಟ್ಯೂಬ್ ಒಳ್ಳೆಯದು ಎಂದು ಕೇಳಿದರೂ, ಸ್ಪೀಕರಿನ ಹಿಂಬದಿಯ ಫೋಟೊ ಕಳಿಸಿ ಎನ್ನುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ, ಅವರು ಬಂದಿರುವುದು ಟ್ಯೂಬಿನ ಕಥೆ ಕೇಳಲು. ವಾಪಸು ತಂದ ಆ 300ಬಿ ನನ್ನ ಬೆಂಚಿನ ಮೇಲೇ ಉಳಿಯಿತು. ಅದಕ್ಕಾಗಿ 97 ಡೆಸಿಬೆಲ್ಲಿನ ಒಂದು ಜೊತೆ ಹಾರ್ನ್ ಸ್ಪೀಕರುಗಳನ್ನು ನಾನೇ ಕೊಳ್ಳಬೇಕಾಯಿತು. ಮೇಷ್ಟ್ರು ಆಗಾಗ ಬಂದು ಕೇಳಿ ಹೋಗುತ್ತಾರೆ. "ಇದನ್ನು ನೀವು ನನಗೆ ಕೊಟ್ಟಿದ್ದಿರಿ ಅಲ್ಲವೇ?" ಎಂದು ಪ್ರತಿ ಸಲವೂ ಕೇಳುತ್ತಾರೆ.