ಚಳಿಗಾಲದಲ್ಲಿ ಹಳೆಯ ಟ್ರ್ಯಾಕ್ಟರಿನ ರೇಡಿಯೇಟರ್

ದಾವಣಗೆರೆ ಸೀಮೆಯಲ್ಲಿ ಡಿಸೆಂಬರ್ ಚಳಿ ಎಷ್ಟೇ ಜೋರಾಗಿದ್ದರೂ ರೇಡಿಯೇಟರಿನ ನೀರು ಹೆಪ್ಪುಗಟ್ಟುವುದಿಲ್ಲ. ಹಿಮ ಬೀಳುವ ನಾಡುಗಳಲ್ಲಿ ನೀರು ಮಂಜುಗಡ್ಡೆಯಾಗುವಾಗ ಗಾತ್ರದಲ್ಲಿ ಶೇ. 9ರಷ್ಟು ಹಿಗ್ಗಿ ಎಂಜಿನ್ ಬ್ಲಾಕನ್ನೇ ಸೀಳಬಹುದು. ನಮಗೆ ಆ ಭಯವಿಲ್ಲವೆಂದು ಬಹಳ ಜನ ಕೂಲಂಟನ್ನು (ಎಂಜಿನ್ ತಣಿಸಲು ನೀರಿಗೆ ಬೆರೆಸುವ ದ್ರವ) ಬಿಟ್ಟು ಕೊಳವೆಬಾವಿಯ ನೀರನ್ನೇ ತುಂಬುತ್ತಾರೆ. ಈ ಲೆಕ್ಕಾಚಾರ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಗಡಸು ನೀರಿನಲ್ಲಿರುವ ಸುಣ್ಣದ ಅಂಶವು ಎಂಜಿನ್ ಕಾದಂತೆಲ್ಲ, ಬಚ್ಚಲ ಹಂಡೆಯೊಳಗೆ ಕಟ್ಟುವ ಬಿಳಿ ಪದರದಂತೆ, ಒಳಗೋಡೆಗಳಿಗೆ ಅಂಟಿ ಶಾಖ ಹೊರಹೋಗದಂತೆ ತಡೆಯುತ್ತದೆ. ಕೂಲಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ. ಅದರ ಎಥಿಲೀನ್ ಗ್ಲೈಕಾಲ್ ನೀರಿನೊಂದಿಗೆ ಸಮಪಾಲಾಗಿ ಬೆರೆತರೆ ಮಿಶ್ರಣದ ಕುದಿಬಿಂದು ಸುಮಾರು 107 ಡಿಗ್ರಿಗೆ ಏರುತ್ತದೆ. ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರೇ ಒಳ್ಳೆಯದು.

ಮೆಕ್ಕೆಜೋಳದ ಒಕ್ಕಣೆ ಮುಗಿದು, ಭದ್ರಾ ನಾಲೆಯ ನೀರು ಬೇಸಿಗೆ ಭತ್ತಕ್ಕೆ ಬರುವ ಮುನ್ನ ರೇಡಿಯೇಟರನ್ನು ಶುಚಿಗೊಳಿಸಿ ಹೊಸ ಕೂಲಂಟ್ ತುಂಬುವ ಕೆಲಸಕ್ಕೆ ತಕ್ಕ ಬಿಡುವು ಸಿಗುತ್ತದೆ. ಒಕ್ಕಣೆ ಯಂತ್ರದ ಪಕ್ಕದಲ್ಲಿ ನಿಂತಲ್ಲೇ ಗಂಟೆಗಟ್ಟಲೆ ಓಡಿದ ಟ್ರ್ಯಾಕ್ಟರಿನ ಫ್ಯಾನ್, ಹಾರುವ ಹೊಟ್ಟನ್ನೆಲ್ಲ ಎಳೆದು ರೇಡಿಯೇಟರಿನ ಜಾಲರಿಗೆ ತುಂಬಿರುತ್ತದೆ. ಕೆಸರುಗದ್ದೆಯಲ್ಲಿ ಎಂಜಿನ್ ಕುದಿದಾಗ ನಾವು ವಾಟರ್ ಪಂಪನ್ನು ಬೈಯುತ್ತೇವಾದರೂ ಅನೇಕ ವೇಳೆ ಕಾರಣ ಈ ಹೊಟ್ಟೇ ಆಗಿರುತ್ತದೆ. ಅದನ್ನು ತೆಗೆಯಲು ಗಾಳಿಯನ್ನು ಫ್ಯಾನ್ ಇರುವ ಕಡೆಯಿಂದ ಮುಂದಕ್ಕೆ ಹೊಡೆಯಬೇಕು. ಎದುರಿನಿಂದ ಹೊಡೆದರೆ ಕಸ ಇನ್ನಷ್ಟು ಒಳಗೆ ಸೇರುತ್ತದೆ.

ಹಳೆಯ ದ್ರವವನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಇಳಿಸಬೇಕು. ರೇಡಿಯೇಟರಿನ ಕೆಳಗಿನ ನಲ್ಲಿಯನ್ನಷ್ಟೇ ತೆರೆದರೆ ಸಾಲದು. ಹಲವು ಹಳೆಯ ಟ್ರ್ಯಾಕ್ಟರುಗಳ ಎಂಜಿನ್ ಬ್ಲಾಕಿಗೆ ಬೇರೆಯೇ ನಲ್ಲಿಯಿದ್ದು, ಅದನ್ನು ತೆರೆಯದಿದ್ದರೆ ಕೆಸರು ಅಲ್ಲೇ ಉಳಿಯುತ್ತದೆ. ಇಳಿಸಿದ ಕೂಲಂಟ್ ಸಿಹಿಯಾಗಿರುವುದರಿಂದ ನಾಯಿ, ಕರುಗಳು ನೆಕ್ಕುವ ಅಪಾಯವಿದೆ. ಅದು ಪ್ರಾಣ ತೆಗೆಯುವ ವಿಷವಾದ್ದರಿಂದ ಮುಚ್ಚಳವಿರುವ ಡಬ್ಬದಲ್ಲೇ ಹಿಡಿಯಬೇಕು.

ಎಂಜಿನ್ ಕಾಯುತ್ತದೆಂದು ಥರ್ಮೋಸ್ಟಾಟನ್ನೇ (ಎಂಜಿನ್ ಬಿಸಿಯಾಗುವ ತನಕ ದ್ರವ ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ) ಕಿತ್ತು ಬಿಸಾಡುವ ಮೆಕ್ಯಾನಿಕ್‌ಗಳ ಸಲಹೆಯನ್ನು ನಾನಂತೂ ಕೇಳುವುದಿಲ್ಲ. ಅದಿಲ್ಲದಿದ್ದರೆ ಚಳಿಗಾಲದ ಮುಂಜಾನೆ ಎಂಜಿನ್ ಹದಕ್ಕೆ ಬರಲು ಬಹಳ ಹೊತ್ತು ಬೇಕಾಗಿ, ಅಷ್ಟೂ ಹೊತ್ತು ಅರೆಬೆಂದ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆಯುತ್ತ ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ.

ಹೊಸ ಮಿಶ್ರಣ ತುಂಬಿದ ಮೇಲೆ, ತಣ್ಣನೆಯ ಎಂಜಿನನ್ನು ಮುಚ್ಚಳ ತೆಗೆದೇ ನಿಧಾನವಾಗಿ ಓಡಿಸಿದರೆ ಒಳಗಿನ ಗಾಳಿ ಗುಳ್ಳೆಗಳಾಗಿ ಹೊರಬಂದು ಮಟ್ಟ ಇಳಿಯುತ್ತದೆ. ಅಷ್ಟನ್ನು ತುಂಬಿ ಮುಚ್ಚಳ ಹಾಕಿ, ಮರುದಿನ ಬೆಳಿಗ್ಗೆ ಮಟ್ಟವನ್ನು ಇನ್ನೊಮ್ಮೆ ನೋಡಬೇಕು.